ಡೇರೆಯೊಳಗಿನ ವಿದ್ಯುತ್ ಶಾಖ

ಬೆಟ್ಟದ ಚಳಿ ಎಂತಹುದೆಂಬುದು ಬಯಲುಸೀಮೆಯವರಿಗೆ ಅರಿವಾಗುವುದು ಸೂರ್ಯ ಮುಳುಗಿದ ಮೇಲೆಯೇ. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ತಿಂಗಳಲ್ಲಿ ವಿದ್ಯಾರ್ಥಿಗಳೊಡನೆ ಬಾಬಾಬುಡನ್ ಗಿರಿಯ ತಪ್ಪಲಿನ ಕಾಫಿ ತೋಟವೊಂದರಲ್ಲಿ ಡೇರೆ ಹಾಕಿದ್ದೆವು. ರಾತ್ರಿ ಚಳಿ ತಾಳಲಾರದೆ ಹುಡುಗರು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಕ್ಕೆ ತರಲು ಹೊರಟರು. ನಾನು ತಡೆದೆ. ಮುಚ್ಚಿದ ಡೇರೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿರುವವರನ್ನು ಅದು ಎಚ್ಚರಿಸದೆಯೇ ಕೊಲ್ಲಬಲ್ಲುದು.

ಅದಕ್ಕೆ ಬದಲಾಗಿ ತೋಟದ ಬಂಗಲೆಯಿಂದ ತಂತಿ ಎಳೆದು, 2,000 ವ್ಯಾಟಿನ ವಿದ್ಯುತ್ ಹೀಟರೊಂದನ್ನು ಹಚ್ಚಿದೆವು. ಹೊಗೆಯಿಲ್ಲದ ಶಾಖ, ಇನ್ನು ಭಯವಿಲ್ಲವೆಂದು ನಾನು ನಿಶ್ಚಿಂತನಾದೆ. ಅರ್ಧ ಗಂಟೆ ಕಳೆಯುವುದರೊಳಗೆ ಸುಟ್ಟ ಪ್ಲಾಸ್ಟಿಕಿನ ವಾಸನೆ ಮೂಗಿಗೆ ಬಡಿಯಿತು. ಹೀಟರಿನಲ್ಲಿ ಯಾವ ದೋಷವೂ ಇರಲಿಲ್ಲ. ವಾಸನೆ ಬರುತ್ತಿದ್ದುದು ಮೂಲೆಯಲ್ಲಿ, ಕಂಬಳಿಗಳ ಪಕ್ಕದಲ್ಲಿದ್ದ ತಂತಿಯ ಉರುಳೆಯಿಂದ! ಬಂಗಲೆ ಹತ್ತಿರದಲ್ಲಿಯೇ ಇದ್ದುದರಿಂದ, 25 ಮೀಟರ್ ತಂತಿಯಲ್ಲಿ ಸುಮಾರು 20 ಮೀಟರಿನಷ್ಟನ್ನು ಬಿಚ್ಚದೆ ಹಾಗೆಯೇ ಬಿಟ್ಟಿದ್ದೆ. ಭೌತಶಾಸ್ತ್ರವನ್ನು ಬೋಧಿಸುವವನೇ ಮಾಡಿದ ತಪ್ಪು ಇದು. ತಪ್ಪಿನ ಮೂಲವನ್ನು ವಾಚಕರೂ ತಿಳಿಯುವುದು ಒಳ್ಳೆಯದು.

ವಿದ್ಯುತ್ಪ್ರವಾಹವು ಯಾವ ವಾಹಕದಲ್ಲಿ ಹರಿದರೂ ಅಲ್ಲಿ ಶಾಖ ಹುಟ್ಟುತ್ತದೆ. ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್ 1841ರಲ್ಲಿ ಪ್ರಕಟಿಸಿದ ನಿಯಮದಂತೆ, ಈ ಶಾಖವು ವಾಹಕದ ರೋಧಕ್ಕೂ ಪ್ರವಾಹದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಹೀಟರಿನೊಳಗಿನ ಸುರುಳಿಯನ್ನು ಸಾಮಾನ್ಯವಾಗಿ ನಿಕ್ಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹವಾದ ನೈಕ್ರೋಮಿನಿಂದ ಮಾಡುತ್ತಾರೆ. ಅದರ ರೋಧಗುಣವು ತಾಮ್ರಕ್ಕಿಂತ ಸುಮಾರು 60 ಪಟ್ಟು ಹೆಚ್ಚು. ಆದುದರಿಂದ ಶಾಖದ ಬಹುಭಾಗವು ಸುರುಳಿಯಲ್ಲಿಯೇ ಹುಟ್ಟುವುದು. ಬಹುಭಾಗ ಎಂದೆನೇ ಹೊರತು ಎಲ್ಲವೂ ಎನ್ನಲಿಲ್ಲ. ಉಳಿದ ಅಲ್ಪಭಾಗದಲ್ಲಿಯೇ ಅಪಾಯ ಅಡಗಿರುವುದು.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. 230 ವೋಲ್ಟಿನಲ್ಲಿ 2,000 ವ್ಯಾಟಿನ ಹೀಟರು ಎಳೆಯುವ ಪ್ರವಾಹವು ಸುಮಾರು 8.7 ಆಂಪಿಯರ್. ನಮ್ಮ ತಂತಿಯ ಅಡ್ಡಕೊಯ್ತ 0.75 ಚದರ ಮಿಲಿಮೀಟರ್. ಹೋಗುವ ಎಳೆ, ಬರುವ ಎಳೆ ಎರಡೂ ಸೇರಿ 50 ಮೀಟರ್ ತಾಮ್ರವಾಯಿತು. ಅದರ ರೋಧವು ಒಂದು ಓಮ್‌ಗಿಂತ ತುಸು ಹೆಚ್ಚು. ಈ ತಂತಿಯಲ್ಲಿ ಹುಟ್ಟುವ ಶಾಖವು ಸುಮಾರು 80 ವ್ಯಾಟ್. ತಂತಿಯನ್ನು ಉದ್ದಕ್ಕೂ ಹರಡಿದ್ದರೆ ಮೀಟರಿಗೆ ಮೂರೇ ವ್ಯಾಟ್. ಗಾಳಿ ಅದನ್ನು ಸುಲಭವಾಗಿ ಒಯ್ದುಬಿಡುತ್ತದೆ. ಆದರೆ ಉರುಳೆಯಲ್ಲಿ ಉಳಿದಿದ್ದ 20 ಮೀಟರಿನೊಳಗೆ ಸುಮಾರು 60 ವ್ಯಾಟ್ ಸೆರೆಯಾಗಿತ್ತು. ಉರಿಯುತ್ತಿರುವ ಹಳೆಯ ಮಾದರಿಯ ಬಲ್ಬೊಂದನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟಂತೆಯೇ ಸರಿ! ಸಾಧಾರಣ ಪಿ.ವಿ.ಸಿ. ಹೊದಿಕೆಯ ತಂತಿ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾತ್ರ ತಕ್ಕುದು. ಇಲ್ಲಿ ಫ್ಯೂಸು ನಮ್ಮನ್ನು ಕಾಯುವುದಿಲ್ಲ. ಅದು ಅಳೆಯುವುದು ಪ್ರವಾಹವನ್ನು. ಹರಿಯುತ್ತಿದ್ದುದು ಹೀಟರಿಗೆ ನ್ಯಾಯವಾಗಿ ಸಲ್ಲಬೇಕಾದ ಪ್ರವಾಹವೇ.

ಹಾಗಾದರೆ ಡೇರೆಗೆ ಎಷ್ಟು ಶಾಖ ಬೇಕು? ನಾಲ್ವರು ಮಲಗುವ ಡೇರೆಯ ಬಟ್ಟೆಯು ಸುಮಾರು 15 ಚದರ ಮೀಟರ್ ಇರಬಹುದು. ಸ್ಥೂಲವಾಗಿ ಹೇಳುವುದಾದರೆ, ಒಳಗೆ ಹೊರಗೆ ಒಂದು ಡಿಗ್ರಿ ಅಂತರವಿದ್ದಾಗ ಪ್ರತಿ ಚದರ ಮೀಟರಿನ ಮೂಲಕ 5 ವ್ಯಾಟ್ ಸೋರಿಹೋಗುತ್ತದೆ. ಹತ್ತು ಡಿಗ್ರಿ ಅಂತರಕ್ಕೆ 750 ವ್ಯಾಟ್ ಆಯಿತು. ಮಲಗಿರುವ ಒಬ್ಬೊಬ್ಬ ಮನುಷ್ಯನ ಮೈಯಿಂದಲೇ 70 ವ್ಯಾಟಿನಷ್ಟು ಶಾಖ ಹೊರಬೀಳುವುದರಿಂದ, ನಾಲ್ವರ ಪಾಲನ್ನು ಕಳೆದರೆ 500 ವ್ಯಾಟಿನ ಹೀಟರು ಧಾರಾಳವಾಗಿ ಸಾಕು. ಜೌಲನ ನಿಯಮ ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ. ಹೀಟರಿನ ಸಾಮರ್ಥ್ಯವನ್ನು ನಾಲ್ಕನೆಯ ಒಂದಕ್ಕೆ ಇಳಿಸಿದರೆ, ತಂತಿಯಲ್ಲಿ ಹುಟ್ಟುವ ಶಾಖವು ಸುಮಾರು ಹದಿನಾರನೆಯ ಒಂದಕ್ಕೆ ಇಳಿಯುತ್ತದೆ. 80 ವ್ಯಾಟ್ ಇದ್ದಲ್ಲಿ ಉಳಿಯುವುದು ಐದೇ ವ್ಯಾಟ್.

ಇನ್ನೊಂದು ಅಪಾಯವು ತೇವದ್ದು. ಉಸಿರಿನ ಆವಿಯು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ನೆಲವು ಇಬ್ಬನಿಯಿಂದ ನೆನೆದಿರುತ್ತದೆ. ಒದ್ದೆಯಾದಾಗ ಶರೀರದ ರೋಧವು ಸಾವಿರ ಓಮಿನಷ್ಟಕ್ಕೆ ಇಳಿಯಬಹುದು. ಆಗ 230 ವೋಲ್ಟು ಸೋಂಕಿದರೆ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ, ಹೃದಯಕ್ಕೆ ಮಾರಕ. ಆದುದರಿಂದ ಬಂಗಲೆಯ ಕಡೆಯಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಬೀಳುವ ಆರ್‌ಸಿಸಿಬಿ ಸ್ವಿಚ್ಚು ಇರಲೇಬೇಕು. ಅದಿಲ್ಲದ ಕಡೆ ಕಂಬಳಿಯನ್ನೇ ನೆಚ್ಚುವುದು ಲೇಸು.

ಉಳಿದ ನಿಯಮಗಳು ಇವುಗಳಿಂದಲೇ ಹುಟ್ಟುತ್ತವೆ. ತಂತಿಯನ್ನು ಪೂರ್ತಿಯಾಗಿ ಬಿಚ್ಚಿ ಹರಡಬೇಕು; ಹಾಸಿಗೆಯ ಕೆಳಗೆ ಹಾಯಿಸಬಾರದು. 16 ಆಂಪಿಯರಿನ ದೊಡ್ಡ ಪ್ಲಗ್ಗನ್ನು ಕನ್ವರ್ಟರಿನ ಮೂಲಕ 6 ಆಂಪಿಯರಿನ ಸಾಕೆಟ್ಟಿಗೆ ತುರುಕಬಾರದು. ತಂತಿಗಳ ಜೋಡಣೆಯು ನೆಲಕ್ಕೆ ತಾಗದಂತೆ, ಮಳೆ ಇಬ್ಬನಿಗಳು ಸೋಕದಂತೆ ಇರಬೇಕು. ಕೆಂಪಗೆ ಕಾಯುವ ಸುರುಳಿ ಹೊರಕ್ಕೆ ಕಾಣುವ ಹೀಟರು ಡೇರೆಗೆ ಸಲ್ಲದು. ಉರುಳಿಬಿದ್ದರೆ ತಾನಾಗಿಯೇ ಆರುವಂತಹದನ್ನು ಗಟ್ಟಿ ನೆಲದ ಮೇಲೆ, ಬಟ್ಟೆಯಿಂದ ಒಂದು ಮೀಟರ್ ದೂರದಲ್ಲಿ ಇಡಬೇಕು. ಮಲಗುವ ಮೊದಲು ಅದನ್ನು ಆರಿಸಬೇಕು.

ಆ ರಾತ್ರಿ ನಾವು ಪ್ಲಗ್ಗನ್ನು ಕಿತ್ತು, ಒಬ್ಬರಿಗೊಬ್ಬರು ಒತ್ತಿ ಮಲಗಿದೆವು. ಬೆಳಗ್ಗೆ ಉರುಳೆಯನ್ನು ಬಿಚ್ಚಲು ಹೋದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ತುಂಡನ್ನು ತರಗತಿಯಲ್ಲಿ ಇಂದಿಗೂ ಇಟ್ಟುಕೊಂಡಿದ್ದೇನೆ. ಜೌಲನ ನಿಯಮವನ್ನು ಕರಿಹಲಗೆಯ ಮೇಲೆ ಬರೆಯುವ ಮೊದಲು ಅದನ್ನು ಹುಡುಗರ ಕೈಗೆ ಕೊಡುತ್ತೇನೆ.