ಲಿಫ್ಟ್ ಇಳಿಸಿ, ಹಿಡಿತ ಗಳಿಸಿ: ಥಾರ್ ಮಾಲೀಕರಿಗೆ 12 ಸೂತ್ರಗಳು

ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನ ಔಟರ್ ರಿಂಗ್ ರೋಡ್. ತಿಂಗಳಿಗೊಮ್ಮೆ ಸಕಲೇಶಪುರದ ಕಾಫಿ ತೋಟ. ಮಳೆಗಾಲ ಮುಗಿದ ಮೇಲೆ ಚಾರ್ಮಾಡಿ ಇಳಿದು ಕರಾವಳಿ. ನಿಮ್ಮ ಥಾರ್‌ನ ನಿಜವಾದ ದಿನಚರಿ ಇದೇ ಆಗಿದ್ದರೆ 2 ಇಂಚಿನ ಲಿಫ್ಟ್, 33 ಇಂಚಿನ ಮಡ್ ಟೈರ್ ಯಾವ ಕೆಲಸಕ್ಕೆ? ಪಿಕಪ್ ಕುಗ್ಗಿದೆ. ಬ್ರೇಕ್ ಜೋರಾಗಿ ಒತ್ತಬೇಕು. ಹೆದ್ದಾರಿಯಲ್ಲಿ ಸ್ಟೀರಿಂಗ್ ಅಲೆಯುತ್ತದೆ. ಮನೆಯ ಹಿರಿಯರು ಹತ್ತಿ ಇಳಿಯಲು ಕಷ್ಟಪಡುತ್ತಾರೆ.

ಪರಿಹಾರ ಸರಳ. ಲಿಫ್ಟ್ ತೆಗೆಸಿ, ಟೈರ್ ಸೈಜ್ ಕಡಿಮೆ ಮಾಡಿ, ಗಾಡಿಯನ್ನು ನಿಮ್ಮ ಕೆಲಸಕ್ಕೆ ಹೊಂದಿಸಿ. ಗುರಿ ಗೊತ್ತಿರುವವರು ಬೇಡದ್ದನ್ನು ತೆಗೆದುಹಾಕಲು ಹಿಂದೆಮುಂದೆ ನೋಡುವುದಿಲ್ಲ. ಇಲ್ಲಿನ ಲೆಕ್ಕವೆಲ್ಲ 2020ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಎರಡನೇ ತಲೆಮಾರಿನ ಫೋರ್-ವೀಲ್ ಡ್ರೈವ್ ಥಾರ್‌ನದು. ಬೇರೆ ಗಾಡಿಯಾದರೆ ಅಂಕಿ ಬದಲಾಗುತ್ತದೆ, ದಾರಿ ಇದೇ.

1. ಗಾಡಿಯ ಕೆಲಸವನ್ನು ಕಾಗದದ ಮೇಲೆ ಬರೆಯಿರಿ

ಕಳೆದ ಒಂದು ವರ್ಷದ ಓಡಾಟವನ್ನು ಪಟ್ಟಿ ಮಾಡಿ. ಡಾಂಬರು ಎಷ್ಟು, ಕಚ್ಚಾ ರಸ್ತೆ ಎಷ್ಟು, ನಿಜವಾಗಿಯೂ ಬಂಡೆ ಹತ್ತಿದ್ದು ಎಷ್ಟು ಸಲ ಎಂದು ಪ್ರತ್ಯೇಕವಾಗಿ ಬರೆಯಿರಿ. ಪಟ್ಟಿಯ ಮುಕ್ಕಾಲು ಭಾಗ ಡಾಂಬರೇ ಆಗಿದ್ದರೆ ನಿರ್ಧಾರ ಆದಂತೆಯೇ. ನೆನಪಿನಲ್ಲಿ ಉಳಿಯುವುದು ಸಾಹಸದ ದಿನಗಳು ಮಾತ್ರ. ಟೈರ್ ಸವೆಯುವುದು, ಡೀಸೆಲ್ ಸುಡುವುದು ಉಳಿದ ದಿನಗಳಲ್ಲಿ.

2. "ಜನ ಏನಂದಾರು" ಎಂಬ ಅಭ್ಯಾಸ ಬಿಡಿ

ಗೆಳೆಯರ ಗುಂಪಿನಲ್ಲಿ ಗಾಡಿ ಸಣ್ಣದಾಗಿ ಕಂಡೀತು ಎಂಬ ಅನುಮಾನ ಬಂದರೆ ಅದನ್ನು ಅಲ್ಲೇ ತಡೆಯಿರಿ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಬಾಡಿಗೆ ಜೀಪುಗಳನ್ನು ನೋಡಿ. ಕೆಸರು, ಕಲ್ಲು, ಕಡಿದಾದ ಏರು, ಎಲ್ಲವನ್ನೂ ಅವು ಸಾಧಾರಣ ಅಳತೆಯ ಟೈರ್‌ಗಳ ಮೇಲೇ ದಾಟುತ್ತವೆ. ಅಲ್ಲಿ ಕೆಲಸ ಮಾಡುವುದು ಡ್ರೈವರ್‌ನ ಕೈ, ಗೇರ್‌ನ ಆಯ್ಕೆ, ದಾರಿಯ ಪರಿಚಯ. ನೀವೂ ಅದನ್ನೇ ಬೆಳೆಸಿಕೊಳ್ಳಿ.

3. ಟೈರ್‌ನ ಲೆಕ್ಕ ನೀವೇ ಮಾಡಿ

ಅಂಗಡಿಯವರ ಮಾತಿಗೆ ಕಾಯಬೇಡಿ. ಸೂತ್ರ ಸುಲಭ: ಟೈರ್‌ನ ಅಗಲವನ್ನು ಪ್ರೊಫೈಲ್ ಶೇಕಡಾವಾರಿನಿಂದ ಗುಣಿಸಿ, ಎರಡರಷ್ಟು ಮಾಡಿ, ರಿಮ್ ವ್ಯಾಸವನ್ನು ಕೂಡಿ. ಒಂದು ಇಂಚು ಎಂದರೆ 25.4 ಮಿ.ಮೀ. "33" ಎಂದು ಮಾರುವ 285/70 ಆರ್17 ಟೈರ್‌ನ ಎತ್ತರ ಸುಮಾರು 831 ಮಿ.ಮೀ. ಥಾರ್‌ನ ಕಂಪನಿ ಅಳತೆ 255/65 ಆರ್18, ಅದು 789 ಮಿ.ಮೀ. ಇನ್ನೊಂದು ಕಂಪನಿ ಅಳತೆ 245/75 ಆರ್16, ಅದು 774 ಮಿ.ಮೀ. ನಿಮ್ಮ ಹತ್ತಿರ ಈಗಾಗಲೇ 17 ಇಂಚಿನ ರಿಮ್ ಇದ್ದರೆ 265/65 ಆರ್17 ನೋಡಿ. ಅದು 776 ಮಿ.ಮೀ., ಕಂಪನಿ ಅಳತೆಗೆ ತೀರ ಹತ್ತಿರ. ಅಂಕಿ ಕೈಯಲ್ಲಿದ್ದರೆ ಚೌಕಾಸಿಯೂ ಚೆನ್ನಾಗಿ ನಡೆಯುತ್ತದೆ, ಆಯ್ಕೆಯೂ ತಪ್ಪುವುದಿಲ್ಲ.

4. ಎಷ್ಟು ಕಳೆದುಕೊಳ್ಳುತ್ತೀರಿ ಎಂಬುದನ್ನು ಮಿ.ಮೀ. ಲೆಕ್ಕದಲ್ಲಿ ನೋಡಿ

"ಕ್ಲಿಯರೆನ್ಸ್ ಹೋಗುತ್ತದೆ" ಎಂಬ ಭಯಕ್ಕೆ ಉತ್ತರ ಲೆಕ್ಕದಲ್ಲಿದೆ. ಥಾರ್‌ನ ಹಿಂಬದಿಯದು ಸಾಲಿಡ್ ಆಕ್ಸಲ್. ಅದನ್ನು ನೆಲದಿಂದ ಎತ್ತುವುದು ಟೈರ್ ಮಾತ್ರ, ಅದೂ ಎತ್ತರದ ಅರ್ಧದಷ್ಟು. ಆದ್ದರಿಂದ 831ರಿಂದ 789ಕ್ಕೆ ಇಳಿದರೆ ಹಿಂದಿನ ಡಿಫರೆನ್ಷಿಯಲ್ ಕೆಳಗೆ ಕಡಿಮೆಯಾಗುವುದು ಕೇವಲ 21 ಮಿ.ಮೀ. 2 ಇಂಚಿನ ಸಸ್ಪೆನ್ಷನ್ ಲಿಫ್ಟ್ ಎತ್ತಿದ್ದು ಬಾಡಿಯನ್ನು, ಹಿಂದಿನ ಡಿಫರೆನ್ಷಿಯಲ್ ಅನ್ನು ಅಲ್ಲ. ಮುಂಭಾಗ ಇಂಡಿಪೆಂಡೆಂಟ್ ಆದ್ದರಿಂದ ಅಲ್ಲಿ ಡಿಫರೆನ್ಷಿಯಲ್ ಕೂಡ ಬಾಡಿಯ ಜೊತೆ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇಷ್ಟೆಲ್ಲ ಇಳಿದ ಮೇಲೂ ಕಂಪನಿಯ ಥಾರ್ ಕೈಯಲ್ಲಿ ಉಳಿಯುತ್ತದಲ್ಲ: 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, 41.8 ಡಿಗ್ರಿ ಅಪ್ರೋಚ್ ಆ್ಯಂಗಲ್, 36.8 ಡಿಗ್ರಿ ಡಿಪಾರ್ಚರ್ ಆ್ಯಂಗಲ್, 650 ಮಿ.ಮೀ. ನೀರು ದಾಟುವ ಶಕ್ತಿ. ಮಲೆನಾಡಿನ ತೋಟದ ದಾರಿಗೆ ಇದು ಧಾರಾಳ.

5. ಗಳಿಕೆಯ ಪಟ್ಟಿಯನ್ನೂ ಪಕ್ಕದಲ್ಲಿಡಿ

ಟೈರ್ ಶೇ. 5ರಷ್ಟು ಚಿಕ್ಕದಾದರೆ ಪ್ರತಿ ಗೇರ್‌ನಲ್ಲೂ ಎಳೆಯುವ ಬಲ ಸುಮಾರು ಅಷ್ಟೇ ಹೆಚ್ಚುತ್ತದೆ. ಲೋ ರೇಂಜ್‌ನಲ್ಲಿ ಗಾಡಿ ಇನ್ನೂ ನಿಧಾನವಾಗಿ, ಹಿಡಿತದಿಂದ ಏರುತ್ತದೆ. ಅಷ್ಟೇ ಪೆಡಲ್ ಒತ್ತಿಗೆ ಬ್ರೇಕ್ ಹೆಚ್ಚು ಹಿಡಿಯುತ್ತದೆ, ಏಕೆಂದರೆ ಚಕ್ರದ ತ್ರಿಜ್ಯ ಕಡಿಮೆಯಾಗಿದೆ. ಗಾಡಿಯ ತೂಕದ ಕೇಂದ್ರ ಕೆಳಗಿಳಿಯುವುದರಿಂದ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ವಾಲುವಿಕೆ ತಗ್ಗುತ್ತದೆ, ಮಗುಚುವ ಅಪಾಯವೂ ತಗ್ಗುತ್ತದೆ. ಚಕ್ರ ಹಗುರವಾದರೆ ಸಸ್ಪೆನ್ಷನ್‌ಗೆ ಅದನ್ನು ಹತೋಟಿಯಲ್ಲಿಡುವುದು ಸುಲಭ. ಕಳೆದುಕೊಂಡ 21 ಮಿ.ಮೀ.ಗೆ ಎದುರಾಗಿ ಇಷ್ಟು ಗಳಿಕೆ ಬಂದರೆ ಲಾಭ ನಿಮ್ಮದೇ.

6. ಮೊದಲು ಅಳೆಯಿರಿ, ಆಮೇಲೆ ಸ್ಪ್ಯಾನರ್ ಎತ್ತಿ

ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ. ಪ್ರತಿ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಅಳತೆ ಬರೆದುಕೊಳ್ಳಿ. ಕೆಳಗಿನ ಭಾಗಗಳ ಫೋಟೊ ತೆಗೆಯಿರಿ. ಮುಂಭಾಗದಲ್ಲಿ ಸ್ಪೇಸರ್‌ನ ದಪ್ಪಕ್ಕಿಂತ ಚಕ್ರದ ಬಳಿಯ ಎತ್ತರ ಹೆಚ್ಚು ಬದಲಾಗುತ್ತದೆ. ಆದ್ದರಿಂದ ಕಿಟ್‌ನ ಪೆಟ್ಟಿಗೆ ಮೇಲಿನ ಅಂಕಿಯನ್ನು ಬಿಟ್ಟು ನಿಮ್ಮ ಟೇಪ್ ಅನ್ನು ನಂಬಿ. ಕ್ರಮವನ್ನೂ ಈಗಲೇ ನಿಗದಿ ಮಾಡಿ: ಮೊದಲು ಟೈರ್, ಆಮೇಲೆ ಲಿಫ್ಟ್. ದೊಡ್ಡ ಟೈರ್ ಇಟ್ಟುಕೊಂಡೇ ಲಿಫ್ಟ್ ಇಳಿಸಿದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಹಳ್ಳಕ್ಕೆ ಇಳಿದಾಗ ಟೈರ್ ಫೆಂಡರ್‌ಗೆ ಉಜ್ಜುತ್ತದೆ. ಎರಡೂ ಕೆಲಸ ಒಂದೇ ದಿನ ಮುಗಿಯುವಂತೆ ಪ್ಲಾನ್ ಮಾಡಿದರೆ ಇನ್ನೂ ಒಳ್ಳೆಯದು.

7. ಕಿಟ್‌ನ ಪ್ರತಿಯೊಂದು ಭಾಗವನ್ನೂ ಹಿಂದಕ್ಕೆ ತನ್ನಿ

ಸ್ಪೇಸರ್ ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬಂಪ್ ಸ್ಟಾಪ್, ಬ್ರೇಕ್ ಹೋಸ್, ಪ್ಯಾನ್‌ಹಾರ್ಡ್ ರಾಡ್, ಚಕ್ರದ ಸ್ಪೇಸರ್ ಎಂದು ಪಟ್ಟಿ ಮಾಡಿ ಒಂದೊಂದಾಗಿ ಟಿಕ್ ಹಾಕಿ. ಎತ್ತರದ ಗಾಡಿಗೆಂದು ಮಾಡಿದ ಉದ್ದನೆಯ ಶಾಕ್ ಅಬ್ಸಾರ್ಬರ್, ಗಾಡಿ ಇಳಿದ ಮೇಲೆ ಹಳ್ಳಕ್ಕೆ ಬಿದ್ದಾಗ ಪೂರ್ತಿ ಒಳಸೇರಿ ಲೋಹಕ್ಕೆ ಲೋಹ ಬಡಿಯುತ್ತದೆ. ಪ್ಯಾನ್‌ಹಾರ್ಡ್ ರಾಡ್‌ನ ಉದ್ದ ಬದಲಿಸಿದ್ದರೆ ಹಿಂದಿನ ಆಕ್ಸಲ್ ಒಂದು ಬದಿಗೆ ಸರಿದು ನಿಲ್ಲುತ್ತದೆ. 2020ಕ್ಕಿಂತ ಹಿಂದಿನ ಸಿಆರ್‌ಡಿಇ ಥಾರ್ ಇದ್ದರೆ ಮುಂದಿನ ಟಾರ್ಷನ್ ಬಾರ್ ಬೋಲ್ಟ್, ಹಿಂದಿನ ಲೀಫ್ ಸ್ಪ್ರಿಂಗ್‌ನ ಶ್ಯಾಕಲ್ ಎರಡನ್ನೂ ಒಟ್ಟಿಗೆ ಸರಿಮಾಡಿಸಿ. ಅರ್ಧ ಇಳಿಸಿದ ಗಾಡಿ ಪೂರ್ತಿ ಎತ್ತಿದ ಗಾಡಿಗಿಂತ ಕೆಟ್ಟದಾಗಿ ಓಡುತ್ತದೆ.

8. ಸ್ಪ್ರಿಂಗ್ ಕೆಲಸ ಅನುಭವಿಗೆ ಕೊಡಿ, ಪಕ್ಕದಲ್ಲಿ ನೀವಿರಿ

ಒತ್ತಿ ಹಿಡಿದ ಕಾಯಿಲ್ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಅಪಾಯ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜ್ ಹುಡುಕಿ. ಯೂಟ್ಯೂಬ್ ನೋಡಿ ಮನೆ ಮುಂದೆ ಪ್ರಯೋಗ ಮಾಡಬೇಡಿ. ಆದರೆ ಒಂದು ಮಾತನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿ: ಆರ್ಮ್ ಮತ್ತು ಲಿಂಕ್‌ಗಳ ಬುಷ್ ಬೋಲ್ಟ್‌ಗಳನ್ನು ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯದಾಗಿ ಬಿಗಿಮಾಡಬೇಕು. ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿಮಾಡಿದರೆ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಜೊತೆಗೆ ಬಾಲ್ ಜಾಯಿಂಟ್‌ನ ಸಡಿಲ, ಸಿವಿ ಜಾಯಿಂಟ್ ರಬ್ಬರ್ ಬೂಟ್‌ನ ಬಿರುಕು ಎರಡನ್ನೂ ನೋಡಿಸಿ. ಲಿಫ್ಟ್ ಹಾಕಿದ ಗಾಡಿಯಲ್ಲಿ ಇವು ಹೆಚ್ಚಿನ ಕೋನದಲ್ಲಿ ದುಡಿದಿರುತ್ತವೆ.

9. ಐದೂ ಟೈರ್ ಒಂದೇ ಅಳತೆಯದಾಗಿರಲಿ

ನಾಲ್ಕು ಬದಲಿಸಿ ಸ್ಟೆಪ್ನಿಯನ್ನು ಹಳೆಯದೇ ಬಿಡಬೇಡಿ. ಫೋರ್-ವೀಲ್ ಡ್ರೈವ್ ಹಾಕಿ ಓಡುವಾಗ ಒಂದು ಚಕ್ರದ ಸುತ್ತಳತೆ ಬೇರೆಯಾದರೆ ಗೇರ್‌ಗಳ ಮೇಲೆ ಒತ್ತಡ ಬೀಳುತ್ತದೆ. ಹಿಂದಿನ ಬಾಗಿಲಿನಲ್ಲಿ ನೇತಾಡುವ ಭಾರದ ಸ್ಟೆಪ್ನಿ ಇಳಿದರೆ ಬಾಗಿಲಿನ ಹಿಂಜ್‌ಗೂ ಆರಾಮ. ಕೊಳ್ಳುವಾಗ ಸೈಡ್‌ವಾಲ್ ಓದಿ. ನಾಲ್ಕಂಕಿಯ ತಾರೀಕು ನೋಡಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಲೋಡ್ ಇಂಡೆಕ್ಸ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ವಾರವಿಡೀ ಡಾಂಬರು, ವಾರಾಂತ್ಯಕ್ಕೆ ಮಣ್ಣು ಎನ್ನುವವರು ಆಲ್-ಟೆರೇನ್ ಟೈರ್ ಆರಿಸಿ. ಮಡ್ ಟೈರ್‌ಗಿಂತ ಶಬ್ದ ಕಡಿಮೆ, ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಹಿಡಿತ ಹೆಚ್ಚು.

10. ಹೊರಡುವ ಮುನ್ನ ಸೆಟ್ಟಿಂಗ್ ಮುಗಿಸಿ

ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಎತ್ತರ ಬದಲಾದರೆ ಟೋ, ಕ್ಯಾಂಬರ್ ಎರಡೂ ಬದಲಾಗುತ್ತವೆ, ಹೊಸ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಹೆಡ್‌ಲೈಟ್‌ನ ಕೋನ ಸರಿಮಾಡಿಸಿ. ಟೈರ್‌ನ ಗಾಳಿಯನ್ನು ಡ್ರೈವರ್ ಬಾಗಿಲ ಬಳಿಯ ಸ್ಟಿಕರ್ ಪ್ರಕಾರ ತುಂಬಿಸಿ. ಸುಮಾರು 100 ಕಿ.ಮೀ. ಓಡಿದ ಮೇಲೆ ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೆ ಪರೀಕ್ಷಿಸಿ. ಒಂದು ವಾರದ ನಂತರ ಮತ್ತೆ ಟೇಪ್ ಹಿಡಿದು ನಾಲ್ಕೂ ಮೂಲೆ ಅಳೆಯಿರಿ. ಎಡಬಲದ ಅಳತೆ ಹೊಂದದಿದ್ದರೆ ಗ್ಯಾರೇಜ್‌ಗೆ ವಾಪಸ್ ಹೋಗಿ, ಸರಿಮಾಡಿಸಿ. ಸಂಕೋಚ ಬೇಡ, ದುಡ್ಡು ಕೊಟ್ಟವರು ನೀವು.

11. ಮೀಟರ್, ಮೈಲೇಜ್, ಕಾನೂನು ಮೂರನ್ನೂ ಸರಿದಾರಿಗೆ ತನ್ನಿ

831 ಮಿ.ಮೀ. ಟೈರ್ ಮೇಲೆ ಮೀಟರ್ 95 ಎಂದು ತೋರಿಸುವಾಗ, ಕಂಪನಿ ಟೈರ್‌ನಲ್ಲಿ 100 ತೋರಿಸುವಷ್ಟು ವೇಗದಲ್ಲಿ ಗಾಡಿ ಓಡುತ್ತಿರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ ಇದೆ, ಕ್ಯಾಮೆರಾಗಳೂ ಇವೆ. ಕಂಪನಿ ಅಳತೆಗೆ ಬಂದರೆ ಈ ವ್ಯತ್ಯಾಸ ತಾನಾಗಿ ಹೋಗುತ್ತದೆ. ದೊಡ್ಡ ಟೈರ್‌ಗೆಂದು ಮೀಟರ್ ತಿದ್ದಿಸಿದ್ದರೆ ಮರೆಯದೆ ವಾಪಸ್ ತಿದ್ದಿಸಿ. ಮೈಲೇಜ್ ಹೋಲಿಸುವಾಗ, ಮೀಟರ್ ತಿದ್ದಿಸದೆ ಓಡಿಸಿದ ಹಳೆಯ ಕಿಲೋಮೀಟರ್‌ಗಳನ್ನು 1.05ರಿಂದ ಗುಣಿಸಿ, ಆಗ ಲೆಕ್ಕ ನ್ಯಾಯವಾಗಿರುತ್ತದೆ.

ಕಾನೂನಿನ ಮಾತು ಇನ್ನೂ ಗಟ್ಟಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ಸ್ವರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ನಿಯಮಬಾಹಿರವಾದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಅಥವಾ ಎರಡಕ್ಕೂ ಅವಕಾಶ ಕೊಟ್ಟಿದೆ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಕ್ಲೇಮ್ ಸಮಯದಲ್ಲಿ ತೊಂದರೆ ತರುತ್ತದೆ. ಮೂಲ ಅಳತೆಗೆ ಮರಳಿ ನಿಶ್ಚಿಂತೆಯಿಂದ ಓಡಿಸಿ.

12. ಉಳಿದ ಹಣವನ್ನು ಕೌಶಲದ ಮೇಲೆ ಹೂಡಿ

ತೆಗೆದ ಟೈರ್, ರಿಮ್‌ಗಳನ್ನು ಗ್ಯಾರೇಜ್ ಮೂಲೆಯಲ್ಲಿ ಕೊಳೆಯಲು ಬಿಡಬೇಡಿ. ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ ಅವು ಬೇಕು. ಟೈರ್ ರಬ್ಬರ್ ಇನ್ನೂ ಚೆನ್ನಾಗಿರುವಾಗಲೇ ಮಾರಿ. ಬಂದ ಹಣದಲ್ಲಿ ಏರ್ ಕಂಪ್ರೆಸರ್, ಪ್ರೆಶರ್ ಗೇಜ್, ರಿಕವರಿ ಸ್ಟ್ರ್ಯಾಪ್, ಒಳ್ಳೆಯ ಶ್ಯಾಕಲ್ ಕೊಳ್ಳಿ. ಒಂದು ಆಫ್-ರೋಡ್ ತರಬೇತಿಗೆ ಸೇರಿ. ಕೆಸರಿನಲ್ಲಿ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಟೈರ್ ನೆಲವನ್ನು ಹೆಚ್ಚು ಅಗಲವಾಗಿ ಹಿಡಿಯುತ್ತದೆ. ಡಾಂಬರಿಗೆ ಬರುವ ಮುನ್ನ ಮತ್ತೆ ತುಂಬಿಸಿ. ಎಲ್ಲಿ ಲೋ ರೇಂಜ್ ಹಾಕಬೇಕು, ಯಾವ ಕಲ್ಲಿನ ಮೇಲೆ ಚಕ್ರ ಇಡಬೇಕು ಎಂಬುದನ್ನು ಕಲಿತವರಿಗೆ ಕಂಪನಿ ಅಳತೆಯ ಥಾರ್ ಸಾಕಷ್ಟು ದೂರ ಜೊತೆ ಕೊಡುತ್ತದೆ.

ಆಫೀಸ್ ಇರಲಿ, ಓದು ಇರಲಿ, ಗಾಡಿ ಇರಲಿ, ನಿಯಮ ಒಂದೇ: ಕೆಲಸಕ್ಕೆ ಬೇಕಾದ್ದನ್ನು ಉಳಿಸಿ, ಮಿಕ್ಕಿದ್ದನ್ನು ಇಳಿಸಿ. ಈ ಶನಿವಾರ ಟೇಪ್ ಹಿಡಿದು ನಾಲ್ಕು ಮೂಲೆ ಅಳೆಯಿರಿ. ಭಾನುವಾರ ಭಾಗಗಳ ಪಟ್ಟಿ ಮಾಡಿ. ಸೋಮವಾರವೇ ಗ್ಯಾರೇಜ್‌ಗೆ ಫೋನ್ ಹಚ್ಚಿ, ದಿನ ಗೊತ್ತುಮಾಡಿ.