ಮೊದಲು ಹೆಡ್, ಆಮೇಲೆ ಕ್ಯಾಮ್

“ಸರ್, ದೊಡ್ಡ ಕ್ಯಾಮ್ ಹಾಕಿದ್ರೆ ಗಾಡಿ ಜಾಸ್ತಿ ಓಡ್ತದೇನ್ರಿ?” ಗೂಗಲ್, ದೇವದುರ್ಗ, ಮಾನ್ವಿ ಕಡೆ ಗ್ಯಾರೇಜು ಕೆಲಸ ಕಲಿಯುವ ಹುಡುಗರ ಪ್ರಶ್ನೆ ಇದು. ಹೆಡ್ ನೋಡದೆ ಉತ್ತರ ಹೇಳಲಾಗದು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ನಂಬಿದ ರೈತರಿಗೆ ಇದನ್ನು ವಿವರಿಸಬೇಕಿಲ್ಲ: ತೂಬಿನ ಗೇಟನ್ನು ಇನ್ನೊಂದು ಗೇಣು ಎತ್ತಿದರೂ ಹೊಲಗಾಲುವೆ ಕಿರಿದಾಗಿದ್ದರೆ ನೀರು ಹೆಚ್ಚು ಬಾರದು. ಗೇಟು ವಾಲ್ವ್, ಅದನ್ನು ಎತ್ತುವ ಕೈ ಕ್ಯಾಮ್. ಕಾಲುವೆ ಎಂದರೆ ಹೆಡ್ಡಿನ ಪೋರ್ಟ್.

ಫೋರ್‌ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ವಾಲ್ವನ್ನು ಎಷ್ಟು ಎತ್ತುತ್ತದೆ ಎಂಬುದು ಲಿಫ್ಟ್, ಎಷ್ಟು ಡಿಗ್ರಿ ತೆರೆದಿಡುತ್ತದೆ ಎಂಬುದು ಡ್ಯುರೇಶನ್. ಹಳೆಯ ಬುಲೆಟ್ 350ರ ಅಳತೆ 346 ಸಿಸಿ. ಅದು 5000 ಆರ್‌ಪಿಎಂನಲ್ಲಿ ಪ್ರತಿ ಬಾರಿಯೂ ಪೂರ್ತಿ ತುಂಬಿಕೊಂಡರೆ ನಿಮಿಷಕ್ಕೆ 865 ಲೀಟರ್ ಗಾಳಿ ಬೇಕು. ಇನ್‌ಲೆಟ್ ವಾಲ್ವ್ ತೆರೆದಿರುವುದೋ ಒಟ್ಟು ಸಮಯದ ಸುಮಾರು ಮೂರನೇ ಒಂದು ಪಾಲು ಮಾತ್ರ. ಅಷ್ಟರಲ್ಲೇ ಎಲ್ಲ ಒಳಗೆ ನುಗ್ಗಬೇಕು.

ಈಗ ಲಿಫ್ಟ್. ವಾಲ್ವ್ ಎದ್ದಾಗ ಅದರ ಅಂಚಿನ ಸುತ್ತ ಬಳೆಯಾಕಾರದ ಸಂದು ಬಿಡುತ್ತದೆ. ಲಿಫ್ಟ್ ವಾಲ್ವಿನ ವ್ಯಾಸದ ಕಾಲು ಭಾಗ ಮುಟ್ಟಿದಾಗ ಆ ಸಂದಿನ ವಿಸ್ತೀರ್ಣ ವಾಲ್ವಿನ ವಿಸ್ತೀರ್ಣಕ್ಕೆ ಸಮ. 40 ಮಿ.ಮೀ. ವಾಲ್ವಿಗೆ ಇದು 10 ಮಿ.ಮೀ. ಸುಮಾರು ಅಲ್ಲಿಂದಾಚೆ ತಡೆ ಹೆಚ್ಚಾಗಿ ಪೋರ್ಟಿನದೇ. ಪೋರ್ಟ್ ಕಳಪೆಯಾಗಿದ್ದರೆ ಇನ್ನೂ ಮೊದಲೇ ಹರಿವಿನ ಏರಿಕೆ ನಿಲ್ಲುತ್ತದೆ. ಎಲ್ಲಿ ಎಂಬುದನ್ನು ಫ್ಲೋ ಬೆಂಚ್ ತೋರಿಸುತ್ತದೆ: ಹೆಡ್ಡನ್ನು ಅದರ ಮೇಲಿಟ್ಟು, ವಾಲ್ವನ್ನು ಮಿಲಿಮೀಟರ್ ಮಿಲಿಮೀಟರ್ ಎತ್ತುತ್ತ, ಒಂದೇ ಒತ್ತಡದಲ್ಲಿ ಎಷ್ಟು ಗಾಳಿ ಹೋಗುತ್ತದೆಂದು ಬರೆದುಕೊಳ್ಳುತ್ತಾರೆ. 8 ಮಿ.ಮೀ.ಗೆ ಹರಿವಿನ ಏರಿಕೆ ನಿಂತ ಹೆಡ್ಡಿಗೆ 11 ಮಿ.ಮೀ. ಕ್ಯಾಮ್ ಹಾಕುವುದು ಸ್ಪ್ರಿಂಗು ಸವೆಸುವ ಕೆಲಸ. ಆದರೆ 8.5, 9 ದಂಡವಲ್ಲ. ವಾಲ್ವ್ 8ರ ಮೇಲೆ ಹೆಚ್ಚು ಹೊತ್ತು ನಿಲ್ಲುವುದರಿಂದ ಸ್ವಲ್ಪ ಲಾಭವಿದೆ.

ಗಡಿಯಾಚೆ ಹೊಸೂರಿನ ಟಿವಿಎಸ್ ಕಂಪನಿಯ ಅಪಾಚೆ ಆರ್‌ಟಿಆರ್ 160 ನೋಡಿ. ಎರಡು ವಾಲ್ವಿನದೂ 2018ರಲ್ಲಿ ಬಂದ ನಾಲ್ಕು ವಾಲ್ವಿನದೂ 159.7 ಸಿಸಿಯೇ. ಆದರೂ ನಾಲ್ಕು ವಾಲ್ವಿನದರ ಶಕ್ತಿ ಹೆಚ್ಚು. ಅದಕ್ಕೆ ಆಯಿಲ್ ಕೂಲಿಂಗ್ ಬೇರೆ ಇದೆ, ಹಾಗಾಗಿ ಕೀರ್ತಿಯೆಲ್ಲ ಹೆಡ್ಡಿಗೇ ಕೊಡುವುದು ನ್ಯಾಯವಲ್ಲ. ಆದರೂ ಒಂದು ಲೆಕ್ಕ ಹಾಕಿ. 34 ಮಿ.ಮೀ.ನ ಒಂದು ವಾಲ್ವೂ 24 ಮಿ.ಮೀ.ನ ಎರಡು ವಾಲ್ವುಗಳೂ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಒಂದೇ. ಸುತ್ತಳತೆ ಮಾತ್ರ ಎರಡಕ್ಕೆ ಸೇರಿ ಶೇ 40ರಷ್ಟು ಹೆಚ್ಚು. ದೊಡ್ಡದಕ್ಕೆ 8.5 ಮಿ.ಮೀ. ಲಿಫ್ಟ್ ಬೇಕಾದಲ್ಲಿ ಚಿಕ್ಕವಕ್ಕೆ 6 ಸಾಕು. ಒಂದು ಹೆಡ್ಡಿನ ಕ್ಯಾಮ್ ಇನ್ನೊಂದಕ್ಕೆ ಹೊಂದದಿರುವುದು ಏಕೆಂದು ಇಲ್ಲೇ ತಿಳಿಯುತ್ತದೆ.

ಹುಡುಗರು ಎಡವುವುದು ಡ್ಯುರೇಶನ್‌ನಲ್ಲಿ. ಡ್ಯುರೇಶನ್ ಹೆಚ್ಚಿಸಿದರೆ ಸಾಮಾನ್ಯವಾಗಿ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಗಾಳಿ ಬಂದ ರಭಸಕ್ಕೆ ಒಳಗೆ ತುಂಬಿಕೊಳ್ಳುತ್ತಲೇ ಇರುತ್ತದೆ, ಲಾಭ. ನಿಧಾನಕ್ಕೆ ತಿರುಗುವಾಗ ಮೇಲೇರುವ ಪಿಸ್ಟನ್ ಅದನ್ನೇ ವಾಪಸ್ ಪೋರ್ಟಿಗೆ ತಳ್ಳುತ್ತದೆ. ಐಡ್ಲಿಂಗ್ ಕೆಡುತ್ತದೆ, ಸಂತೆಯ ಗದ್ದಲದಲ್ಲಿ ಪಿಕಪ್ಪೇ ಇರುವುದಿಲ್ಲ. ಚೆನ್ನಾಗಿ ಉಸಿರಾಡುವ ಹೆಡ್ಡಿಗೆ ಕಡಿಮೆ ಡ್ಯುರೇಶನ್ ಸಾಕು, ಅದೇ ಶಕ್ತಿ ಬರುತ್ತದೆ, ಕೆಳಗಿನ ಟಾರ್ಕೂ ಉಳಿಯುತ್ತದೆ. ದುಡ್ಡು ಒಂದಕ್ಕೇ ಇದ್ದರೆ ಪೋರ್ಟ್ ಮತ್ತು ವಾಲ್ವ್ ಸೀಟಿನ ಕೆಲಸ ಮಾಡಿಸಿ ಎನ್ನುತ್ತೇನೆ. ಇನ್‌ಲೆಟ್ ಚೆನ್ನಾಗಿದ್ದು ಎಕ್ಸಾಸ್ಟ್ ಮಂದವಾಗಿದ್ದರೆ ಎಕ್ಸಾಸ್ಟ್ ಕಡೆ ಡ್ಯುರೇಶನ್ ತುಸು ಹೆಚ್ಚಿರುವ ಕ್ಯಾಮ್ ಆರಿಸುತ್ತಾರೆ.

ಕ್ಯಾಮ್ ಹಾಕಿದ ಮೇಲೆ ಕಿಕ್ ಹೊಡೆಯುವ ಆತುರ ಬೇಡ. ಪಿಸ್ಟನ್ ತಲೆಯ ಮೇಲೆ ಮಕ್ಕಳಾಡುವ ಮೆತ್ತನೆ ಕ್ಲೇ ಅಂಟಿಸಿ, ಹೆಡ್ ಕೂರಿಸಿ, ಟೈಮಿಂಗ್ ಹೊಂದಿಸಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಮತ್ತೆ ಬಿಚ್ಚಿ. ವಾಲ್ವ್ ಒತ್ತಿದ ಕಡೆ ಉಳಿದ ಕ್ಲೇ ದಪ್ಪವೇ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಅಂತರ. ಪೂರ್ತಿ ಲಿಫ್ಟಿನಲ್ಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುತ್ತವೆಯೇ ಎಂದೂ ನೋಡಿ; ತಾಗಿದರೆ ಆ ಕ್ಯಾಮ್ ಆ ಸ್ಪ್ರಿಂಗಿಗಲ್ಲ.