ಕೂಡಿ ಹೂಡಿದ ದಾವೆಯ ಖರ್ಚು

ನಮ್ಮ ಮೂಡುಬಿದಿರೆಯ ಸುತ್ತಲಿನ ಗ್ರಾಮಗಳಲ್ಲಿ ವ್ಯಾಜ್ಯಕ್ಕೆ ಕಾರಣಗಳು ಕಡಿಮೆಯಿಲ್ಲ. ಅಳಿಯಸಂತಾನದ ಕುಟುಂಬಗಳ ಪಾಲು, ಮೂಲಗೇಣಿಯ ಹಕ್ಕು, ವರ್ಗ ಜಮೀನಿಗೆ ತಾಗಿದ ನೂರು ಗಜದ ಕುಮ್ಕಿ, ತೋಡಿನ ನೀರು ಇವೆಲ್ಲ ಒಬ್ಬನ ವಿಷಯಗಳಲ್ಲವಾದುದರಿಂದ ಹಲವರು ಕೂಡಿಯೇ ಕೋರ್ಟಿನ ಮೆಟ್ಟಲು ಹತ್ತಬೇಕಾಗುತ್ತದೆ. ಖರ್ಚು ಸಮಪಾಲೆಂದು ಜಗಲಿಯಲ್ಲೇ ಮಾತಾಗುತ್ತದೆ. ಕಾಗದ ಬರೆಯೋಣವೆಂದವನಿಗೆ ನಂಬಿಕೆಯಿಲ್ಲದವನೆಂಬ ಹೆಸರು!

ಇಂಥ ಮಾತಿಗೆ ಕಾನೂನಿನಲ್ಲಿ ಬೆಲೆಯುಂಟೇ? ಉಂಟು. 1872ರ ಕರಾರು ಕಾಯಿದೆಯಂತೆ ಬಾಯಿಮಾತಿನ ಕರಾರೂ ಕರಾರೇ. ಪರರ ದಾವೆಗೆ ಹಣವೊದಗಿಸುವುದನ್ನು ನಿಷೇಧಿಸುತ್ತಿದ್ದ ಇಂಗ್ಲೆಂಡಿನ ಹಳೆಯ ನಿಯಮವು ಇಲ್ಲಿಗೆ ಅನ್ವಯಿಸದೆಂದು 1876ರಲ್ಲಿ ರಾಮಕುಮಾರ ಕುಂಡು – ಚಂದ್ರಕಾಂತ ಮುಖರ್ಜಿ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು ತೀರ್ಮಾನಿಸಿತು. ಸುಲಿಗೆಯಂಥ ಕರಾರುಗಳಿಗೆ ಮಾತ್ರ ರಕ್ಷಣೆಯಿಲ್ಲ. ಗೆದ್ದ ಸೊತ್ತಿನಲ್ಲಿ ವಕೀಲರು ಪಾಲು ಕೇಳಕೂಡದೆಂದು 1954ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ಕರಾರು ಸಿಂಧುವಾದರೂ ಅದರ ಎಲ್ಲೆ ಯಾವುದೆಂಬುದೇ ಜಗಳದ ಮೂಲ. ಒಂದು ಕಲ್ಪಿತ ಉದಾಹರಣೆ ನೋಡೋಣ. ತೋಡಿನ ನೀರಿಗಾಗಿ ಮೂವರು ಅಡಿಕೆ ಬೆಳೆಗಾರರು ದಾವೆ ಹೂಡಿದರು. 45,000 ರೂಪಾಯಿ ಖರ್ಚಾಯಿತು. ತಲಾ 15,000 ಕೊಟ್ಟರು, ಗೆದ್ದರು. ಎದುರಾಳಿ ಅಪೀಲು ಹೋದ. ಕೆಳಗಿನ ತೋಟದವನು, “ನಾನು ಒಪ್ಪಿದ್ದು ಮೊದಲ ಕೋರ್ಟಿಗೆ ಮಾತ್ರ, ಮಾರಾಯ್ರೆ” ಎಂದ. ಉಳಿದಿಬ್ಬರು ತಲಾ 15,000 ಹಾಕಿ ಅಪೀಲನ್ನೂ ಗೆದ್ದರು. ನೀರು ಅವನ ತೋಟಕ್ಕೂ ಹರಿಯಿತು. ಅವನಿಂದ ತಲಾ 5,000 ಕೇಳಬಹುದೇ?

ಪುಕ್ಕಟೆಯೆಂಬ ಉದ್ದೇಶವಿಲ್ಲದೆ ಇನ್ನೊಬ್ಬರಿಗಾಗಿ ಮಾಡಿದ ಕೆಲಸದ ಫಲವನ್ನು ಅನುಭವಿಸಿದವನು ಪರಿಹಾರ ಕೊಡಬೇಕೆಂದು ಅದೇ ಕಾಯಿದೆಯ 70ನೆಯ ಕಲಮು ಹೇಳುತ್ತದೆ. ಆದರೆ ಆ ಇಬ್ಬರು ಹೋರಾಡಿದ್ದು ಅವನಿಗಾಗಿಯೋ, ತಮಗಾಗಿಯೋ? ಮೇಲಾಗಿ ಬೇಡವೆನ್ನಲು ಅವಕಾಶವಿರುವವನೇ ಫಲವನ್ನು ಸ್ವೀಕರಿಸಿದನೆನ್ನಬಹುದು. ನೀರು ಇಳಿಜಾರಿಗೆ ತಾನಾಗಿ ಹರಿಯುತ್ತದೆ. ಈ ಕಲಮೊಂದನ್ನೇ ನಂಬುವುದು ಜಾಣತನವಲ್ಲವೆಂದು ನನ್ನ ಅಭಿಪ್ರಾಯ. ಅವನು ಅಪೀಲಿನ ವಕಾಲತ್ತಿಗೆ ಸಹಿ ಹಾಕಿದ್ದರೆ ಮಾತು ಬೇರೆ; ಒಪ್ಪಿಗೆ ಮುಂದುವರಿದಿತ್ತೆಂಬುದಕ್ಕೆ ಅದು ಬಲವಾದ ಸೂಚನೆ.

ಊರಿನವರೆಲ್ಲರ ಪರವಾಗಿ ಕೆಲವರೇ ಕೋರ್ಟಿನ ಅನುಮತಿಯಿಂದ ದಾವೆ ನಡೆಸುವ ಕ್ರಮವೂ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ (ಆದೇಶ 1, ನಿಯಮ 8). ಎಲ್ಲರಿಗೂ ನೋಟೀಸು ಕೊಡಿಸುವ ಖರ್ಚು ವಾದಿಯದು. ತೀರ್ಪು ಎಲ್ಲರನ್ನೂ ಬಂಧಿಸುತ್ತದೆ. ವಕೀಲರ ಫೀಸು ಮಾತ್ರ ತನ್ನಿಂದ ತಾನೇ ಎಲ್ಲರ ತಲೆಗೆ ಬರುವುದಿಲ್ಲ. ಸೋತ ಎದುರಾಳಿಯಿಂದ ಖರ್ಚು ಕೊಡಿಸುವುದು 35ನೆಯ ಕಲಮಿನಂತೆ ಕೋರ್ಟಿನ ವಿವೇಚನೆಗೆ ಬಿಟ್ಟದ್ದು. ಅದು ಕೈಯಿಂದ ಹೋದ ಹಣಕ್ಕೆ ಸಮನಾಗುವುದು ಅಪರೂಪ.

ಇನ್ನು ವಾಯಿದೆಯ ಮಾತು. ಇನ್ನೊಬ್ಬನ ಪರವಾಗಿ ತೆತ್ತ ಹಣವನ್ನು ತೆತ್ತ ದಿನದಿಂದ ಮೂರು ವರ್ಷದೊಳಗೆ ಕೇಳಬೇಕೆಂಬುದು 1963ರ ಕಾಯಿದೆ. ಅಪೀಲುಗಳೋ ಅದಕ್ಕಿಂತ ಹೆಚ್ಚು ಕಾಲ ನಡೆಯುವುದುಂಟು. ಕೊನೆಯಲ್ಲಿ ಲೆಕ್ಕ ತೀರಿಸುವುದೆಂದೇ ಕರಾರಾಗಿದ್ದರೆ ಅದನ್ನೂ ರುಜುಪಡಿಸಬೇಕು. ಪ್ರತಿ ವಾಯಿದೆಗೆ ಯಾರು ಎಷ್ಟು ಕೊಟ್ಟರೆಂದು ಬರೆದು, ಕೆಳಗೆ ಮೂವರೂ ರುಜು ಹಾಕಿದ ಒಂದು ಲೆಕ್ಕದ ಪುಸ್ತಕವಿದ್ದರೆ ಇಷ್ಟು ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ.